ಮಾವನ ಬಲಗಾಲು

ಆ ಮನೆಯಲ್ಲಿ ಬರಿನೆಲ ಎನ್ನುವುದೇ ಇರಲಿಲ್ಲ. ಮುಂದಿನ ಅರ್ಧ, ಕಾರಿನ ಸೀಟಿಗೆ ಕವರು ಮತ್ತು ಕಾಲಡಿಗೆ ಮ್ಯಾಟು ಹೊಲಿಯುವ ಅಂಗಡಿ; ಹಿಂದಿನ ಅರ್ಧ, ಸಂಸಾರ. ಅಂಗಡಿಯಲ್ಲಿ ಕತ್ತರಿಸಿ ಉಳಿದದ್ದೆಲ್ಲ ಸಂಸಾರದ ಕಡೆಗೆ ಬಂದು ಸೇರುತ್ತಿತ್ತು. ಊಟದ ಮೇಜಿನ ಕೆಳಗೆ ಬೂದು ಮ್ಯಾಟು, ಫ್ರಿಜ್ಜಿನ ಮುಂದೆ ಕಪ್ಪು, ಬಚ್ಚಲ ಬಾಗಿಲಿಗೆ ರಬ್ಬರಿನದು, ಕೊನೆಗೆ ಬೆಕ್ಕಿಗೂ ಒಂದು ಚೌಕ. "ಈ ಮನೇಲಿ ಕಾಲಿಗಿರೋ ಮರ್ಯಾದೆ ತಲೆಗಿಲ್ಲ," ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅತ್ತೆಗೆ ಉಂಡದ್ದು ಅರಗುತ್ತಿರಲಿಲ್ಲ.

ಅಂಗಡಿ ಕಟ್ಟಿದವರು ಮಾವ. ಈಗ ನಡೆಸುವವನು ಮಗ. ಮಾವನ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿತ್ತು. ಮೋಟಾರಿನದು, ಬಲಗಾಲಿನಲ್ಲಿ ಪೆಡಲು ಒತ್ತಿದಷ್ಟೂ ಓಡುವಂಥದು. ದಪ್ಪ ರೆಕ್ಸಿನ್ನಿನ ಮೂಲೆ ತಿರುವುಗಳಲ್ಲಿ ಮಗನ ಸೂಜಿ ಎಷ್ಟೋ ಸಲ ಮುರಿಯುತ್ತಿತ್ತು, ಮಾವನದು ಮುರಿದದ್ದನ್ನು ಯಾರೂ ಕಂಡಿರಲಿಲ್ಲ. ಸೊಸೆ ಈ ಮನೆಗೆ ಬಂದಾಗ ಗುಂಡಿ ಹಾಕುವುದರಾಚೆ ಹೊಲಿಗೆ ತಿಳಿಯದವಳು. ಅವಳಿಗೆ ಯಂತ್ರ ಕಲಿಸಿ, ಮ್ಯಾಟಿನ ಅಂಚಿಗೆ ಪಟ್ಟಿ ಕೂರಿಸುವ ಕೆಲಸಕ್ಕೆ ತಂದವರು ಮಾವ. ಆಮೇಲೆ ಕಾರು ಕಲಿಸಿದವರೂ ಅವರೇ. ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು ಅವರು ಹೇಳುತ್ತಿದ್ದ ಪಾಠ ಒಂದೇ. "ಏನಾದ್ರೂ ಎಡವಟ್ಟಾದ್ರೆ ಮೊದಲು ಗೇರನ್ನ ನ್ಯೂಟ್ರಲ್ಲಿಗೆ ತಳ್ಳು. ಹೆದರೋದನ್ನ ಆಮೇಲೆ ಇಟ್ಕೋ, ಅದಕ್ಕೇನು ಅವಸರ ಇಲ್ಲ."

ಮನೆಯ ಕಾರೇ ಅಂಗಡಿಯ ಷೋಕೇಸು. ಯಾವ ಹೊಸ ಮಾಲು ಬಂದರೂ ಮೊದಲು ಅದಕ್ಕೆ ಹಾಕಬೇಕು. ಹಾಗೆಂದು ಹಳೆಯದನ್ನು ತೆಗೆಯುವ ಪದ್ಧತಿ ಇರಲಿಲ್ಲ. ಹಳೆಯ ರಬ್ಬರ್ ಮ್ಯಾಟಿನ ಮೇಲೆ ನಾರಿನ ಮ್ಯಾಟು, ಅದರ ಮೇಲೆ ಇನ್ನೊಂದು. ಗಿರಾಕಿ ಬಂದರೆ ಮಾವ ಡ್ರೈವರ್ ಕಡೆಯ ಬಾಗಿಲು ತೆಗೆದು ಒಂದೊಂದೇ ಪದರ ಎತ್ತಿ ತೋರಿಸುವರು: "ಇದು ಸಾಧಾರಣ. ಇದು ಮಧ್ಯಮ. ಇದು ನಿಮ್ಮಂಥವರಿಗೆ." ಗಿರಾಕಿ ನಗುತ್ತ ಮೇಲಿನದನ್ನೇ ಕೊಳ್ಳುವನು.

ಈಗ ಎಲ್ಲಕ್ಕಿಂತ ಮೇಲಿದ್ದದ್ದು ಮಗನ ಹೊಸ ಕಲ್ಪನೆ. ಕೆಳಗೆ ಸ್ಪಂಜು, ಮೇಲೆ ದಪ್ಪ ಕಾರ್ಪೆಟ್ಟು, ಸುತ್ತ ಬೆರಳಿನಷ್ಟು ದಪ್ಪದ ಅಂಚು. ಮೊದಲ ಸೆಟ್ಟು ಸಿದ್ಧವಾದ ದಿನ ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕಾರಿನ ನೆಲದ ಕೊಕ್ಕೆಗೆ ಸಿಕ್ಕಿಸೋ ತೂತು ಎಲ್ಲೋ?"

"ತೂತು ಹೊಡೆದ್ರೆ ಅಂದ ಕೆಡುತ್ತೆ ಅಪ್ಪಾ. ಇದು ಭಾರಕ್ಕೇ ಕೂತಿರುತ್ತೆ."

"ಕೂತಿದ್ರೆ ಸರಿ," ಎಂದರು ಮಾವ. ಮಾತು ಅಲ್ಲಿಗೆ ಮುಗಿಯಿತು. ಆ ಮ್ಯಾಟು ಬಿಸಿ ದೋಸೆಯ ಹಾಗೆ ಖರ್ಚಾಗತೊಡಗಿತು. ಮಗ ಅಂಗಡಿಯಲ್ಲಿ ಸಿಳ್ಳೆ ಹಾಕಿಕೊಂಡು ಓಡಾಡುವುದನ್ನು ಸೊಸೆ ಮದುವೆಯಾದ ಮೇಲೆ ಮೊದಲ ಸಲ ಕೇಳಿದ್ದು ಆಗಲೇ.

ಮೊಮ್ಮಗಳನ್ನು ಎಲ್ಲರೂ ಚಿಲ್ಟು ಎನ್ನುತ್ತಿದ್ದರು. ಅವಳನ್ನು ಶಾಲೆಗೆ ಬಿಡುವುದು ಅಜ್ಜನ ಕೆಲಸ. ಶೆಡ್ಡಿನ ಎದುರಿನ ಗೇಟು ತೆಗೆದು ಪಕ್ಕಕ್ಕೆ ನಿಲ್ಲುವುದು ಚಿಲ್ಟುವಿನ ಕೆಲಸ. ಅಂದು ಬೆಳಿಗ್ಗೆ ಅವಳು ಗೇಟಿನವರೆಗೆ ಹೋದವಳು ನೀರಿನ ಬಾಟಲಿ ನೆನಪಾಗಿ ಒಳಗೆ ಓಡಿಬಂದಳು. ಅಷ್ಟರಲ್ಲಿ ಕಾರನ್ನು ಶೆಡ್ಡಿನ ಹೊಸ್ತಿಲು ದಾಟಿಸಿ ನಿಲ್ಲಿಸೋಣ ಎಂದು ಮಾವ ಆಕ್ಸಿಲರೇಟರನ್ನು ಸ್ವಲ್ಪ ಜೋರಾಗಿ ಒತ್ತಿದರು. ಕಾರು ಹೊಸ್ತಿಲು ದಾಟಿತು, ಆದರೆ ನಿಲ್ಲಲಿಲ್ಲ. ಅರಚಿಕೊಂಡು ಮುನ್ನುಗ್ಗಿ ಗೇಟನ್ನು ಕಂಬದ ಸಮೇತ ಕೆಡವಿ, ಎದುರು ಮನೆಯ ಕಾಂಪೌಂಡು ಗೋಡೆಗೆ ಮೂಗು ಗುದ್ದಿಕೊಂಡು ನಿಂತಿತು. ಸೊಸೆ ಕೈಯಲ್ಲಿನ ದೋಸೆ ಸಟ್ಟುಗ ಬಿಸಾಕಿ ಓಡಿಬಂದಾಗ ಚಿಲ್ಟು ಬಾಗಿಲಲ್ಲಿ ಬಾಟಲಿ ಅವುಚಿಕೊಂಡು ನಿಂತಿದ್ದಳು. ಸೊಸೆ ಬಿದ್ದ ಗೇಟಿನ ಕಡೆಗೆ ನೋಡಿದಳು, ಮಗಳನ್ನು ಎಳೆದು ಅಪ್ಪಿಕೊಂಡಳು.

ಮಾವನ ಹಣೆಯಲ್ಲಿ ಒಂದು ಬುಗುಟು, ಅಷ್ಟೇ. ಆದರೆ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನು ಬ್ರೇಕೇ ಒತ್ತಿದ್ದು," ಎಂದರು.

"ಬ್ರೇಕ್ ಒತ್ತಿದ್ರೆ ಕಾರು ನಿಲ್ಲುತ್ತೆ ಅಪ್ಪಾ. ಓಡಲ್ಲ," ಎಂದ ಮಗ. "ದಿನಾ ಆ ಗೇಟು ತೆಗೆದು ನಿಲ್ಲೋದು ಯಾರು ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಮಾವ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಕಾರನ್ನು ಗ್ಯಾರೇಜಿಗೆ ಎಳೆದೊಯ್ಯುವ ಮುಂಚೆ ಸೊಸೆ ಒಳಗಿನ ಗಾಜಿನ ಚೂರು ಗುಡಿಸಿದಳು. ಹೊಸ ಮ್ಯಾಟು ಮುಂದಕ್ಕೆ ಜರುಗಿ ಮುದುಡಿಕೊಂಡಿತ್ತು. ಗುದ್ದಿದ ರಭಸಕ್ಕೆ ಸರಿದಿರಬೇಕು ಎಂದುಕೊಂಡಳು. ಗ್ಯಾರೇಜಿನವರ ಗ್ರೀಸ್ ಕೈ ತಾಗಿದರೆ ಅಂಗಡಿಯ ಮಾಲು ಹಾಳು. ಮೂರೂ ಪದರ ಹೊರತೆಗೆದು, ಕೊಡವಿ, ಸುತ್ತಿ ಒಳಗಿಟ್ಟಳು. ಮ್ಯಾಟು ಹೊಲಿಯುವ ಮನೆಯವರಲ್ಲದೆ ಬೇರೆ ಯಾರೂ ಆ ಹೊತ್ತಿನಲ್ಲಿ ಇಂಥ ಜೋಪಾನ ಮಾಡುತ್ತಿರಲಿಲ್ಲ.

ಮೆಕ್ಯಾನಿಕ್ಕು ಪೆಡಲು, ತಂತಿ, ಬ್ರೇಕು ಎಲ್ಲ ಪರೀಕ್ಷಿಸಿ ಫೋನು ಮಾಡಿದ. "ಗಾಡೀಲಿ ಕೂದಲೆಳೆಯಷ್ಟೂ ದೋಷ ಇಲ್ಲ. ಯಜಮಾನ್ರಿಗೆ ವಯಸ್ಸಾಯ್ತಲ್ಲ, ಪಾಪ."

ಮಗ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದ. ಮಾವ ಬಟಾಣಿ ಅನ್ನವನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದರು.

"ಇರಬಹುದು. ಕಾಲು ತಪ್ಪಿರಬಹುದು," ಎಂದರು.

"ಬ್ರೇಕ್ ಒತ್ತಿದೆ ಅಂದ್ರಲ್ಲ?" ಎಂದರು ಅತ್ತೆ.

"ಒತ್ತಿದೆ ಅಂದ್ಕೊಂಡೆ." ಜೇಬಿನಿಂದ ಕಾರಿನ ಕೀ ತೆಗೆದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟರು. ಮಗ ಅದನ್ನು ತೆಗೆದುಕೊಂಡ. ತೆಗೆದುಕೊಳ್ಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

ಅಂದಿನಿಂದ ಚಿಲ್ಟುವನ್ನು ಶಾಲೆಗೆ ಬಿಡುವ ಕೆಲಸ ಸೊಸೆಯದಾಯಿತು. ರಿಪೇರಿಯಾಗಿ ಬಂದ ಕಾರಿಗೆ ಅವಳು ಮ್ಯಾಟುಗಳನ್ನು ಮೊದಲಿದ್ದಂತೆಯೇ ಒಂದರ ಮೇಲೊಂದು ನೀಟಾಗಿ ಹಾಸಿದಳು. ದಾರಿಯಲ್ಲಿ ಮಗಳನ್ನು ಮಾತಿಗೆಳೆದರೆ ಚಿಲ್ಟು ಕಿಟಕಿಯಾಚೆ ನೋಡುತ್ತ, "ಅದು ಅಜ್ಜನ ಹತ್ರ ಹೇಳೋ ವಿಷಯ. ನಿಂಗೆ ಅರ್ಥ ಆಗಲ್ಲ," ಎನ್ನುವಳು. ಮಾವ ಹೊಸ ಗೇಟನ್ನು ತಾವೇ ತೆಗೆದು, ಮೊಮ್ಮಗಳಿಗೆ ಕೈಬೀಸಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿರುವರು.

ಒಂದು ವಾರ ಕಳೆದ ಮೇಲೆ ಸೊಸೆಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮಾವನ ಯಂತ್ರಕ್ಕೆ ಹಾಕಿದ್ದ ನೀಲಿ ದಾರ ಹಾಗೇ ಇತ್ತು. ನೀಲಿ ಕವರಿನ ಕೆಲಸ ಮುಗಿದು ಎಷ್ಟೋ ದಿನವಾಗಿತ್ತು. ಮಾವ ಬೆಳಗಿನಿಂದ ಸಂಜೆಯವರೆಗೆ ಕತ್ತರಿ ಹಿಡಿದು ಅಳತೆ ಮೇಜಿನ ಹತ್ತಿರವೇ ನಿಂತಿರುತ್ತಿದ್ದರು. ಕೇಳಿದರೆ ಕಣ್ಣು ಮಂಜು ಎಂದರು. ಮಂಜುಗಣ್ಣಿನವರು ಕತ್ತರಿಸಿದ ಗೆರೆಯೇನೋ ನೂಲು ಹಿಡಿದಂತೆ ನೇರವಾಗಿತ್ತು.

ಒಂದು ಮಧ್ಯಾಹ್ನ ಅವಸರದ ಗಿರಾಕಿಯೊಬ್ಬ ಎದುರಿಗೇ ಕೂತಿದ್ದ. "ಅಪ್ಪಾ, ಈ ಮೂಲೆ ನೀನೇ ಹೊಲಿ, ನನ್ನ ಕೈಲಿ ಆಗ್ತಿಲ್ಲ," ಎಂದ ಮಗ. ಮಾವ ಯಂತ್ರದ ಮುಂದೆ ಕೂತರು. ಬಟ್ಟೆ ಸೂಜಿಯ ಕೆಳಗಿಟ್ಟರು. ಬಲಗಾಲು ಪೆಡಲಿನ ಮೇಲೆ ಬಂತು, ಅಲ್ಲೇ ನಿಂತಿತು, ಮತ್ತೆ ಕೆಳಗಿಳಿಯಿತು.

"ನಿನ್ನ ಹೆಂಡತಿ ನನಗಿಂತ ಚೆನ್ನಾಗಿ ಹೊಲೀತಾಳೆ. ಅವಳಿಗೆ ಕೊಡು," ಎಂದು ಎದ್ದು ಹೋದರು.

ಸಂಜೆ ಆಲೂಗಡ್ಡೆ ಸುಲಿಯುವಾಗ ಸೊಸೆ ಇದನ್ನು ಅತ್ತೆಗೆ ಹೇಳಿದಳು. ಅತ್ತೆಯ ಬಾಯಿ ಎಂದರೆ ಬೀದಿಗೆಲ್ಲ ಹೆದರಿಕೆ. ಆದರೆ ಅಂದು ಅವರು ಜೋರು ಮಾಡಲಿಲ್ಲ.

"ಮೆಟ್ಟಿಲು ಇಳಿಯುವಾಗ ಈಗ ಎಡಗಾಲೇ ಮೊದಲು ಇಡ್ತಾರೆ, ನೋಡಿದೀಯಾ? ಬಲಗಾಲನ್ನ ಹಿಂದಿನಿಂದ ಎಳ್ಕೊಂಡು ಬರ್ತಾರೆ, ಬೇಡದ ನೆಂಟನ್ನ ಕರ್ಕೊಂಡು ಬಂದ ಹಾಗೆ." ಸಿಪ್ಪೆಯನ್ನು ಬುಟ್ಟಿಗೆ ಹಾಕಿದರು. "ಇಷ್ಟು ವರ್ಷ ಈ ಸಂಸಾರ ಓಡಿದ್ದು ಆ ಒಂದು ಕಾಲಿನಿಂದ ಕಣೇ. ಈಗ ಅದನ್ನೇ ನಂಬಲ್ಲ ಅಂತಾರೆ. ನಾನೇನು ಮಾಡ್ಲಿ?"

ಸೊಸೆಗೆ ಮಾವನೆಂದರೆ ಬಹಳ ಪ್ರೀತಿ. ತವರಿನಲ್ಲಿ ಯಾರೂ ಅವಳಿಗೆ ಏನನ್ನೂ ತಾಳ್ಮೆಯಿಂದ ಕಲಿಸಿರಲಿಲ್ಲ.

ಮತ್ತೆ ಕೆಲವು ವಾರ ಕಳೆಯಿತು. ಒಂದು ಬೆಳಿಗ್ಗೆ ಮಗಳನ್ನು ಬಿಟ್ಟು ಹಿಂದಿರುಗುವಾಗ, ನೀರಿನ ಟ್ಯಾಂಕಿನ ಏರಿನಲ್ಲಿ ಹಾಲಿನ ವ್ಯಾನೊಂದು ತೆವಳುತ್ತಿತ್ತು. ರಸ್ತೆ ಖಾಲಿಯಿತ್ತು. ಸೊಸೆ ಗಟ್ಟಿಯಾಗಿ ಒತ್ತಿ ವ್ಯಾನನ್ನು ದಾಟಿ ಕಾಲು ತೆಗೆದಳು. ಕಾಲು ಮೇಲೆ ಬಂತು, ಪೆಡಲು ಬರಲಿಲ್ಲ. ಕಾರು ಏರು ಮುಗಿಸಿ ಇಳಿಜಾರಿಗೆ ಬಿದ್ದು ಇನ್ನೂ ಜೋರಾಯಿತು. ಬ್ರೇಕು ತುಳಿದರೆ ಕಾರು ಮೈಯೆಲ್ಲ ನಡುಗಿಸಿತೇ ಹೊರತು ಓಟ ಬಿಡಲಿಲ್ಲ. ಆಗ ಅವಳ ಎಡಗೈ ತಾನಾಗಿ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿತು. ಎಂಜಿನ್ನು ಮುಗಿಲು ಹರಿಯುವಂತೆ ಕೂಗಿತು, ಆದರೆ ಚಕ್ರ ಅದರ ಮಾತು ಕೇಳಲಿಲ್ಲ. ಬದಿಗೆ ತಂದು ನಿಲ್ಲಿಸಿ ಕೀ ತಿರುಗಿಸಿದಳು. ಹೆದರಿಕೆ ಆಮೇಲೆ, ಮಾವ ಹೇಳಿದ್ದ ಹೊತ್ತಿಗೇ ಬಂತು.

ಬಗ್ಗಿ ನೋಡಿದಳು. ಹೊಸ ಮ್ಯಾಟು ದಿನದಿನಕ್ಕೂ ಹಿಮ್ಮಡಿಯ ಒತ್ತಿಗೆ ಇಷ್ಟಿಷ್ಟೇ ಮುಂದೆ ಜಾರಿ, ಅದರ ದಪ್ಪ ಅಂಚು ಪೆಡಲಿನ ತುದಿಯನ್ನು ಕಚ್ಚಿ ಹಿಡಿದಿತ್ತು. ಅವಳೇ ಹೊಲಿದ ಅಂಚು. ಎಳೆದಾಗ ಪೆಡಲು ಟಕ್ಕೆಂದು ಮೇಲೆದ್ದಿತು. ಗೇಟು ಬಿದ್ದ ದಿನವೂ ಮ್ಯಾಟು ಹೀಗೆಯೇ ಮುದುಡಿಕೊಂಡಿತ್ತಲ್ಲ ಎಂಬುದು ಆಗ ನೆನಪಾಯಿತು. ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ತಾನು ಉಳಿದೆ ಎಂದಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ ಮಾವನ ಮುಖ ಕಣ್ಣ ಮುಂದೆ ಬಂದಿತ್ತು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಆ ಮ್ಯಾಟನ್ನು ತಂದು ಮೇಜಿನ ಮೇಲೆ, ಮೊಟ್ಟೆಯ ಬಟ್ಟಲಿನ ಪಕ್ಕದಲ್ಲಿ ಇಟ್ಟಳು.

"ಊಟದ ಮೇಜಿನ ಮೇಲೆ ಕಾಲೊರೆಸೋದಾ?" ಎಂದರು ಅತ್ತೆ.

"ಇವತ್ತು ಇದು ನನ್ನ ಜೀವ ತೆಗೀತಿತ್ತು ಅತ್ತೆ." ನಡೆದದ್ದನ್ನೆಲ್ಲ ಹೇಳಿದಳು. "ಅವತ್ತು ಗ್ಯಾರೇಜಿಗೆ ಹೋಗೋ ಮುಂಚೆ ಇದನ್ನ ತೆಗೆದಿಟ್ಟವಳು ನಾನೇ. ಆಗಲೂ ಮುಂದಕ್ಕೆ ಜರುಗಿತ್ತು. ಮಾವ ಬ್ರೇಕೇ ಒತ್ತಿದ್ದು. ಅವರಿಗೆ ಕಾರು ನಿಲ್ಲಿಸೋಕೆ ಜಾಗ ಇರಲಿಲ್ಲ, ನನಗೆ ಇತ್ತು. ಅಷ್ಟೇ ವ್ಯತ್ಯಾಸ."

ಗಂಡನ ಮುಖ ಗಂಟಾಯಿತು. "ನಿನ್ನ ಚಪ್ಪಲಿ ಸಿಕ್ಕಿಕೊಂಡಿರಬೇಕು."

"ನಾನು ಚಪ್ಪಲಿ ಬಿಟ್ಟು ಓಡಿಸ್ತೀನಿ. ನಿನಗೆ ಗೊತ್ತು."

"ಊರಿಗೆಲ್ಲ ಕೊಟ್ಟಿದ್ದೀನಿ ಈ ಮ್ಯಾಟು. ಒಬ್ಬರಾದ್ರೂ ದೂರು ಹೇಳಿದಾರಾ?"

"ದೂರು ಹೇಳೋಕೆ ಅವರು ಉಳಿದಿರಬೇಕಲ್ಲ!" ಎಂದರು ಅತ್ತೆ. "ಅಪ್ಪನ ಕಾಲು ತಪ್ಪು, ಹೆಂಡತಿ ಚಪ್ಪಲಿ ತಪ್ಪು. ನಿನ್ನ ಮ್ಯಾಟೊಂದು ಮಾತ್ರ ಹಾಲಲ್ಲಿ ತೊಳೆದಿದ್ದು, ಅಲ್ವಾ?"

"ಅಮ್ಮಾ, ನೀನು ಸುಮ್ನಿರು."

"ಸುಮ್ನಿದ್ದೆ. ಇಷ್ಟು ದಿನ ಸುಮ್ನೇ ಇದ್ದೆ!"

ಆಗ ಮಾವ ಮಾತಾಡಿದರು. ಸೊಸೆ ಅವರ ಮುಖ ಅರಳುವುದನ್ನು ಕಾಯುತ್ತಿದ್ದಳು. ಅರಳಲಿಲ್ಲ.

"ಅವನನ್ನ ಬಯ್ಯಬೇಡ. ನೋಡಮ್ಮ, ನಿನಗೆ ಆಗಿದ್ದು ಮ್ಯಾಟಿನಿಂದ, ಸರಿ. ನನಗೂ ಅದರಿಂದಲೇ ಆಯ್ತು ಅಂತ ಏನು ಗ್ಯಾರಂಟಿ? ನನ್ನದು ಕಾಲೇ ಇರಬಹುದು." ತಟ್ಟೆ ಎತ್ತಿಕೊಂಡು ತೊಳೆಯಲು ಹೋದರು. ಎಡಗಾಲು ಮುಂದಿಟ್ಟು.

ಸತ್ಯ ತಂದು ಎದುರಿಗಿಟ್ಟರೂ ಅದು ಈ ಮನುಷ್ಯನ ಒಳಗೆ ಇಳಿಯುತ್ತಿಲ್ಲವಲ್ಲ! ಗಂಡ ಉಣ್ಣದೆ ಎದ್ದು ಅಂಗಡಿಗೆ ಹೋದ. ಅಂದು ಸಿಳ್ಳೆ ಇರಲಿಲ್ಲ.

ಮರುದಿನ ಬೆಳಗಾಗುತ್ತಿದ್ದಂತೆ ಅಡುಗೆಮನೆಯ ಕಿಟಕಿಯಿಂದ ಸೊಸೆ ಕಂಡಳು: ಗಂಡ ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಕೂತಿದ್ದ. ಮ್ಯಾಟನ್ನು ಹಾಸುವನು, ಹಿಮ್ಮಡಿಯಿಂದ ಮುಂದಕ್ಕೆ ನೂಕುವನು, ಪೆಡಲು ಒತ್ತಿ ಬಿಡುವನು. ಎಂಜಿನ್ನು ಒಮ್ಮೆ ಅರಚಿ ಸುಮ್ಮನಾಯಿತು. ಇನ್ನೊಮ್ಮೆ ಅರಚಿದ್ದು ನಿಲ್ಲಲೇ ಇಲ್ಲ, ಅವನು ಕೀ ತಿರುಗಿಸಬೇಕಾಯಿತು. ಬಹಳ ಹೊತ್ತು ಹಾಗೇ ಕೂತಿದ್ದು ಒಳಬಂದು, ಆರಿಹೋದ ಚಹಾ ಕುಡಿದ.

"ಎಲ್ಲರಿಗೂ ಫೋನ್ ಮಾಡ್ಬೇಕು," ಎಂದ. "ಇವತ್ತೇ. ನಾನು ಹೋಗಿ ತಗೊಂಡು ಬರೋವರೆಗೂ ಮ್ಯಾಟು ತೆಗೆದು ಡಿಕ್ಕೀಲಿಡಿ ಅನ್ಬೇಕು."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಮೂರು ದಿನ ಅವನು ಮನೆಮನೆ ಅಲೆದ. ಕೆಲವರು ಹೊಗಳಿದರು, ಕೆಲವರು ಮುಖಕ್ಕೆ ಹೊಡೆದಂತೆ ಅಂದರು. ಎಲ್ಲರಿಗೂ ಅವನು ಹೇಳಿದ್ದು ಒಂದೇ ಮಾತು: "ತಪ್ಪು ನನ್ನದೇ, ಕೊಕ್ಕೆಗೆ ತೂತು ಇಡಲಿಲ್ಲ." ಸಂಜೆ ಬಂದು ಕೂತು ತೂತು ಹೊಡೆಯುವನು, ಮುಂದಿನ ದಪ್ಪ ಅಂಚು ಬಿಚ್ಚುವನು. ಅಂಗಡಿಯ ಆ ತುದಿಯಲ್ಲಿ ಮಗ, ಈ ತುದಿಯಲ್ಲಿ ಅಪ್ಪ. ಕತ್ತರಿ ಕೊಡು, ಸೀಮೆಸುಣ್ಣ ಎಲ್ಲಿ, ಇಷ್ಟೇ ಮಾತು.

ಸೊಸೆ ತಡೆದು ತಡೆದು ಕೊನೆಗೆ ಕೇಳಿಯೇಬಿಟ್ಟಳು. "ಕಂಡಕಂಡವರಿಗೆಲ್ಲ ನನ್ನದೇ ತಪ್ಪು ಅಂತ ಹೇಳ್ಕೊಂಡು ಬಂದೆ. ಮನೇಲಿರೋ ಒಬ್ಬರಿಗೆ ಯಾವಾಗ ಹೇಳ್ತೀಯ?"

"ಹೇಗೆ ಹೇಳಲಿ?" ಅವನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. "ಅವತ್ತು ಕೀ ಕೈಗೆ ತಗೊಂಡೆನಲ್ಲ, ಒಂದು ಸಲಾನೂ ಯೋಚನೆ ಮಾಡದೆ. ಈಗ ತಪ್ಪಾಯ್ತು ಅಂದ್ರೆ, 'ಬಿಡೋ, ಕಾಲೇ ಇರಬಹುದು' ಅಂದುಬಿಡ್ತಾರೆ. ಅದನ್ನ ಮತ್ತೆ ಕೇಳೋಕೆ ನನ್ನ ಕೈಲಾಗಲ್ಲ."

ಭಾನುವಾರ ಬೆಳಿಗ್ಗೆ, ಮಾವ ಮೆಟ್ಟಿಲ ಮೇಲೆ ಪೇಪರು ಓದುತ್ತಿದ್ದಾಗ, ಶೆಡ್ಡಿನಿಂದ ಮಗ ಕೂಗಿದ.

"ಅಪ್ಪಾ, ಬಾ ಇಲ್ಲಿ. ಹೊಸ ಮ್ಯಾಟಿನ ಅಳತೆ ನೋಡ್ಬೇಕು. ಸೀಟಲ್ಲಿ ಕೂತ್ಕೋ."

"ನಿನ್ನ ಹೆಂಡತೀನ ಕರಿ."

"ಅವಳ ಕಾಲು ಬೇಡ. ನಿನ್ನದೇ ಬೇಕು."

ಸೊಸೆ ಒದ್ದೆ ಬಟ್ಟೆಯ ಬಕೀಟು ಕೆಳಗಿಟ್ಟು ನಿಂತಳು. ಮಾವ ಪೇಪರು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಆಮೇಲೆ ಎದ್ದು ಹೋಗಿ, ಚಪ್ಪಲಿ ಕಳಚಿ, ಪರರ ಮನೆಯ ಕುರ್ಚಿಯಲ್ಲಿ ಕೂತಂತೆ ಅಂಚಿನಲ್ಲಿ ಕೂತರು. ಕಾರಿನಲ್ಲಿ ಈಗ ಒಂದೇ ಮ್ಯಾಟಿತ್ತು, ಎರಡೂ ಕೊಕ್ಕೆಗೆ ಸಿಕ್ಕಿಸಿದ್ದು. ಮಗ ಬಾಗಿಲ ಬಳಿ ನೆಲದ ಮೇಲೆ ಮಂಡಿಯೂರಿ, ತಲೆಯನ್ನು ಒಳಗೆ ತೂರಿಸಿ, ಆಕ್ಸಿಲರೇಟರಿನ ಕೆಳಗೆ ಅಂಗೈ ಚಾಚಿಟ್ಟ.

"ಈಗ ಬ್ರೇಕ್ ಒತ್ತು."

"ಕೈ ತೆಗಿ ಮೊದಲು."

"ತೆಗೆಯಲ್ಲ. ಒತ್ತು."

"ಹುಚ್ಚಾಟ ಆಡ್ಬೇಡ. ಕಾಲು ತಪ್ಪಿದ್ರೆ ಬೆರಳು ಜಜ್ಜಿಹೋಗುತ್ತೆ. ಹೊಲಿಯೋ ಕೈ ಅದು."

"ಒತ್ತಪ್ಪಾ."

ಮಾವನ ಪಾದ ಮೇಲೆದ್ದಿತು. ಗಾಳಿಯಲ್ಲಿ ನಡುಗುತ್ತ ನಿಂತಿತು. ಪಾದ ಇಳಿದು ಬ್ರೇಕಿನ ನಟ್ಟನಡುವೆ ಕೂತಿತು.

"ಇನ್ನೊಂದು ಸಲ."

ಮತ್ತೆ ಅಲ್ಲೇ ಕೂತಿತು. ಮತ್ತೊಂದು ಸಲ. ಮಗ ಸಾಕು ಎನ್ನಲೇ ಇಲ್ಲ. ಎಷ್ಟು ಸಲವಾಯಿತೋ, ನಡುಕ ನಿಂತುಹೋಗಿತ್ತು.

"ಈಗ ಆಕ್ಸಿಲರೇಟರ್. ಪೂರ್ತಿ ತಳಕ್ಕೆ ಒತ್ತು."

ಮಾವ ಎದುರಿನ ಗೋಡೆಯನ್ನೇ ನೋಡುತ್ತ, ಉಸಿರೆಳೆದುಕೊಂಡು, ಮೆಲ್ಲಗೆ ಕಾಲು ಊರಿದರು. ಪೆಡಲು ಇಳಿಯಿತು, ಇಳಿಯಿತು, ಒಂದು ಕಡೆ ನಿಂತಿತು.

"ಯಾಕೆ ನಿಲ್ಲಿಸಿದೆ? ಇನ್ನೂ ಒತ್ತು."

"ಒತ್ತಲ್ಲ. ನಿನ್ನ ಬೆರಳಿದೆ ಅಲ್ಲಿ."

"ನೀನು ನೋಡ್ತಿಲ್ಲವಲ್ಲ. ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ?" ಮಾವ ರೇಗಿದರು. ಎಷ್ಟೋ ವಾರಗಳಾಗಿದ್ದವು ಅವರು ರೇಗಿ. "ಕಾಲಿಗೆ ಗೊತ್ತಾಯ್ತು!"

ಹೇಳಿದ ಮೇಲೆ ಅವರಿಗೇ ತಮ್ಮ ಮಾತು ಕೇಳಿಸಿತು. ಸೀಟಿನ ಅಂಚಿನಿಂದ ಹಿಂದೆ ಸರಿದು ಸ್ಟಿಯರಿಂಗ್ ಹಿಡಿದರು. ಮಗ ತಲೆ ಹೊರಗೆ ತೆಗೆಯಲಿಲ್ಲ. ಅಪ್ಪನ ಪಾದದ ಪಕ್ಕದಿಂದಲೇ, ನೆಲಕ್ಕೆ ಹೇಳಿದಂತೆ ಹೇಳಿದ.

"ಅವತ್ತೂ ಅದಕ್ಕೆ ಗೊತ್ತಿತ್ತು ಅಪ್ಪಾ. ನನಗೆ ಗೊತ್ತಾಗಲಿಲ್ಲ."

ಚಿಲ್ಟು ಎಲ್ಲಿದ್ದಳೋ, ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಿದ್ದಳು. ಭಾನುವಾರ ಶಾಲೆಯಿಲ್ಲವೆಂದು ಅವಳಿಗೆ ಯಾರೂ ಹೇಳಲಿಲ್ಲ. ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಗೇಟಿನ ಕಡೆಗೆ ನಡೆದರು. ಮಾವ ಬಗ್ಗಿ, ಮಗನ ತಲೆಗೂದಲಿಗೆ ಅಂಟಿದ್ದ ಕಾರ್ಪೆಟ್ಟಿನ ಎಳೆಯೊಂದನ್ನು ಬಿಡಿಸಿ ತೆಗೆದರು.

"ಕೈ ತೆಗಿ ಇನ್ನು," ಎಂದರು. "ಕಾರು ಸ್ಟಾರ್ಟ್ ಮಾಡ್ತೀನಿ."